ಮೂಗು ಸವೆದ ರಾಣಿ

ಸೆಪ್ಟೆಂಬರ್ 2, ಮಂಗಳವಾರ

ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ್ದೆ ಅಷ್ಟೇ, ಮತ್ತೆ ಬಂತು ಫೋನು. "ಅಭಿನಂದನೆಗಳು ಸರ್, ನೀವು ಭಾಗ್ಯವಂತರು" ಎಂದು ಮರಾಠಿಯಲ್ಲಿ ಶುರು ಮಾಡಿದ. ಮೂವತ್ತು ವರ್ಷ ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತು ಮೊಣಕಾಲು ಸವೆಸಿಕೊಂಡವನಿಗೆ ಭಾಗ್ಯವಂತ ಅನ್ನಬೇಕಾದರೆ ಇವನಿಗೆ ಎಂಥ ಧೈರ್ಯ! ನನ್ನ ಭಾಗ್ಯ ಏನೆಂದರೆ, ಹಳೆಯ ಬೆಳ್ಳಿ ನಾಣ್ಯವಂತೆ, ಮಖಮಲ್ಲಿನ ಡಬ್ಬಿಯಂತೆ, ನನಗೊಬ್ಬನಿಗೇ ಅಂತೆ, ಇವತ್ತೊಂದೇ ದಿನ ಅಂತೆ. ನಿನ್ನೆಯೂ ಇವತ್ತೊಂದೇ ದಿನ ಅಂದಿದ್ದ, ಮೊನ್ನೆಯೂ ಅಂದಿದ್ದ.

ನಾಣ್ಯ ಮಾರುತ್ತಾನಂತೆ, ನನಗೆ! ಜತ್ತ-ಸಾಂಗಲಿ ದಾರಿಯಲ್ಲಿ ಚಿಲ್ಲರೆ ಚೀಲ ಹೊತ್ತು ಹೊತ್ತು ನನ್ನ ಬಲಹೆಗಲು ಇವತ್ತಿಗೂ ಎಡಕ್ಕಿಂತ ತಗ್ಗಿದೆ. ಎಂಟಾಣೆಗಾಗಿ ಜನ ನನ್ನ ಅಪ್ಪ, ಅಜ್ಜ, ಮುತ್ತಜ್ಜನ ತನಕ ಬೈದಿದ್ದಾರೆ. ಆ ಚೀಲವನ್ನು ಡಿಪೋದಲ್ಲಿ ಬಿಟ್ಟು ಬಂದ ದಿನದಿಂದ ಕಿರಾಣಿ ಅಂಗಡಿಯವನಿಗೂ ಚಿಲ್ಲರೆ ಬೇಡ, ಚಾಕಲೇಟು ಕೊಡು ಅನ್ನುತ್ತೇನೆ.

"ಯಾರ್ರೀ ಅದು?" ಎಂದು ಅಕ್ಕವ್ವ ಒಲೆಯ ಮುಂದಿನಿಂದ ಕೇಳಿದಳು.

"ಕಳ್ಳರು. ನಾಣ್ಯ ಮಾರಾವ್ರಂತ."

"ಎಂಥಾ ನಾಣ್ಯ ಅಂತ್ರೀ?"

ಇವಳಿಗೇಕೆ ಬೇಕೋ. ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿದ್ದರೂ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ಹೆಂಡತಿ ಅನ್ನಿಸಿಕೊಂಡವಳಿಗೆ ಬೆಳ್ಳಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು.

ಸೆಪ್ಟೆಂಬರ್ 5, ಶುಕ್ರವಾರ

ಈಗ ಮೊಬೈಲಿನಲ್ಲಿ ಚಿತ್ರಗಳು. "ಮಾನ್ಯ ಸಂಗ್ರಾಹಕರೇ" ಅಂತೆ. ನಾನು ಈ ಜನ್ಮದಲ್ಲಿ ಸಂಗ್ರಹಿಸಿದ್ದು ಮೊಣಕಾಲು ನೋವು ಒಂದನ್ನೇ. ಒಂದು ಚಿತ್ರದಲ್ಲಿ ಹತ್ತು ರೂಪಾಯಿಯ ನಾಣ್ಯ, ಕೆಳಗೆ ಬರೆದ ಬೆಲೆಗೆ ಹಾಲು ಕೊಡುವ ಆಡು ಬರುತ್ತದೆ. ನಮ್ಮ ಮಾಡಗ್ಯಾಳದ ಸಂತೆಯಲ್ಲಿ ಹತ್ತರ ನಾಣ್ಯ ಕೊಟ್ಟು ನೋಡಲಿ ಇವರು. ಮೆಣಸಿನಕಾಯಿ ಮಾರುವ ಗುರವ್ವ "ಇದು ನಡ್ಯಾಂಗಿಲ್ಲೋ ಯಪ್ಪಾ" ಎಂದು ವಾಪಸು ಎಸೆಯುತ್ತಾಳೆ. ಹತ್ತು ರೂಪಾಯಿಗೇ ನಡೆಯದ್ದನ್ನು ಸಾವಿರಗಟ್ಟಲೆಗೆ ನಡೆಸಲು ಹೊರಟಿದ್ದಾರೆ, ಶಾಣ್ಯಾ ನನ್ನ ಮಕ್ಕಳು.

ಒಂದು ನಂಬರು ಬ್ಲಾಕ್ ಮಾಡಿದೆ. ಸಂಜೆಯೊಳಗೆ ಬೇರೆ ನಂಬರಿನಿಂದ ಅದೇ ಮಖಮಲ್ಲಿನ ಡಬ್ಬಿ ಬಂತು. ನಾಚಿಕೆ ಅನ್ನುವುದು ಇವರ ಅಂಗಡಿಯಲ್ಲಿ ಸಿಗುವುದಿಲ್ಲವೆಂದು ಕಾಣುತ್ತದೆ.

ಸೆಪ್ಟೆಂಬರ್ 10, ಬುಧವಾರ

ಇವತ್ತಿನದು ಹೊಸ ಆಟ. ಹುಡುಗಿಯ ದನಿ, ಅದೂ ನಮ್ಮ ಮಾತಿನಲ್ಲಿ.

"ಕಾಕಾ, ಊಟ ಆತ್ರೀ?"

ಯಾರೋ ಸಂಬಂಧಿಕರ ಮಗಳಿರಬೇಕೆಂದು "ಆತವ್ವಾ, ನಿಂದು?" ಎಂದುಬಿಟ್ಟೆ. ಆಮೇಲೆ ಶುರುವಾಯಿತು ನೋಡಿ, ಬೆಳ್ಳಿ ನಾಣ್ಯ, ದೀಪಾವಳಿ ರಿಯಾಯಿತಿ, ಅಸಲಿ ಎಂಬ ಸರ್ಟಿಫಿಕೇಟು.

"ಕನ್ನಡ ಮಾತಾಡಿ ಮೀನಿಗಿ ಒಗದಂಗ ಬಲಿ ಒಗೀತಿಯೇನ ಹುಡುಗಿ? ಯಾವೂರು ನಿಂದು?"

"ಕರಜಗಿರೀ ಕಾಕಾ. ಕರಿಷ್ಮಾ ಅಂತ ನನ್ನ ಹೆಸರು. ಈಗ ಪುಣೆದಾಗ ಕೆಲಸ."

"ಕರಜಗಿ ನೀರು ಕುಡದು ಇಂಥಾ ಕೆಲಸಕ್ಕ ಹೋಗೀದಿ?"

"ಮತ್ತ ನೀವ ಒಂದು ಚಲೋ ಕೆಲಸ ಕೊಡ್ರಿ, ಇದನ್ನ ಬಿಡತೀನಿ" ಎಂದಳು. ತಲೆಹರಟೆ! ಫೋನು ಕುಕ್ಕಿದೆ. ಯಾರ ಪೈಕಿ, ಯಾರ ಮಗಳು ಎಂದು ಕೇಳುವುದು ಮರೆತೇಹೋಯಿತು. ಕೇಳಿದ್ದರೆ ಅವರಪ್ಪನಿಗೇ ನಾಲ್ಕು ಮಾತು ಹೇಳಬಹುದಿತ್ತು.

ಸೆಪ್ಟೆಂಬರ್ 14, ಭಾನುವಾರ

ಅಕ್ಕವ್ವ ಇವತ್ತು ಬಾಯಿಬಿಟ್ಟಳು. ಬರುವ ತಿಂಗಳು ಡಫಳಾಪುರದಲ್ಲಿ ಕುಬಸವಂತೆ. ಬಸುರಿಗೆ ಏಳನೆಯ ತಿಂಗಳು.

ಯಾರ ಕುಬಸ ಎಂದು ನಾನು ಕೇಳಲಿಲ್ಲ. ಅವಳ ಹೆಸರನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲವೆಂದು ಎರಡು ವರ್ಷದ ಹಿಂದೆ, ಅವಳು ಆ ಸಮ್ಯಕನ ಜೊತೆ ಜತ್ತದ ಕಚೇರಿಯಲ್ಲಿ ಮದುವೆಯ ಸಹಿ ಹಾಕಿದ ದಿನವೇ ತೀರ್ಮಾನಿಸಿದ್ದೇನೆ. ಅವರು ಬಾಬಾಸಾಹೇಬರ ಹಿಂದೆ ಹೋದ ಬೌದ್ಧರು, ನಾವು ಬೀರದೇವರ ಒಕ್ಕಲು. ಅವರ ಮನೆಯ ನೀರನ್ನು ನಮ್ಮವರು ಮುಟ್ಟಿದವರಲ್ಲ. ನನ್ನನ್ನು ಕೇಳಿದ್ದಳೇ? ಹೇಳಿದ್ದಳೇ? ಮಗಳು ಇಲ್ಲವೆಂದುಕೊಂಡೆ, ಮುಗಿಯಿತು.

"ಉಡಿ ತುಂಬಾಕ ನಾ ಹೋಗಾಕಿ" ಎಂದಳು ಅಕ್ಕವ್ವ. "ರೂಪಾಯಿ ಕೊಡ್ರಿ."

ರೂಪಾಯಿ ಎಂದರೆ ನಮ್ಮ ದೇವರ ಜಗಲಿಯ ಮೇಲಿರುವ ರಾಣಿ ಛಾಪಿನ ಬೆಳ್ಳಿ ರೂಪಾಯಿ. ಮುತ್ತಜ್ಜಿಯ ಕಾಲದ್ದು. ಈ ಮನೆಯ ಹೆಣ್ಣುಮಗಳ ಮೊದಲ ಕುಬಸಕ್ಕೆ ಅದು ಉಡಿಯಲ್ಲಿ ಬೀಳಬೇಕು, ಅವಳು ಹೆರಿಗೆಗೆಂದು ತವರಿಗೆ ಬರುವಾಗ ಅದನ್ನು ಉಡಿಯಲ್ಲಿ ಕಟ್ಟಿಕೊಂಡೇ ಬರಬೇಕು. ನನ್ನ ಅಕ್ಕನೂ ಹಾಗೆ ತಂದಳು, ತಂಗಿಯೂ ತಂದಳು. ಅಂದರೆ ಆ ರೂಪಾಯಿ ಕೊಟ್ಟೆನೆಂದರೆ ಮನೆಗೆ ಬಾ ಎಂದು ಕರೆದಂತೆಯೇ ಲೆಕ್ಕ.

"ಜಗಲಿ ಮ್ಯಾಗಿಂದು ಆ ಮನಿಗಿ ಹೋಗೂದಿಲ್ಲ" ಎಂದೆ.

"ಬರೇ ಅಕ್ಕಿ ಕೊಬ್ಬರಿ ಹಾಕಿದ್ರ ನಾಕ ಮಂದ್ಯಾಗ ಆಕಿ ಮಾರಿ ಏನಾಗಬೇಕ್ರೀ? ತವರಮನ್ಯಾವ್ರು ಕೈ ಬಿಟ್ಟಾರಂತ ತಿಳಕೊಳ್ಳೂದಿಲ್ಲಾ?"

"ತಿಳಕೊಳ್ಳಲಿ. ಬಿಟ್ಟೀನಿ ಮತ್ತ."

ಅವಳು ಎದ್ದು ಹೋಗಿ ಆಡಿಗೆ ನೀರು ಕುಡಿಸುತ್ತ ನಿಂತಳು.

ಸೆಪ್ಟೆಂಬರ್ 18, ಗುರುವಾರ

ಕರಜಗಿಯ ಹುಡುಗಿ ಮತ್ತೆ. ಬಯ್ಯಲೆಂದೇ ಎತ್ತಿದೆ.

"ನಾಚಿಕಿ ಐತೇನ ನಿಂಗ? ದಿನಾ ಬೈಸಿಕೊಂಡ್ರೂ ಯಾಕ ಮಾಡ್ತಿ?"

"ಕಾಕಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನಿ ಮಾವಶೀನ ಮೊದಲ ಫೋನ್ ಮಾಡಿದ್ರಲ್ರೀ. ರಾಣಿ ಛಾಪಿಂದು ಒಂದ ರೂಪಾಯಿ ಬೇಕು, ನಮ್ಮನ್ಯಾಗಿನ್ಹಂಗ ಇರಬೇಕು ಅಂದಿದ್ರು."

ಮಾವಶಿ ಅಂದರೆ ಅಕ್ಕವ್ವ! ನಾನಿಲ್ಲಿ ಊರ ಕಳ್ಳರೆಲ್ಲ ನನ್ನ ನಂಬರು ಹೇಗೆ ಹುಡುಕಿದರೆಂದು ತಲೆ ಕೆಡಿಸಿಕೊಂಡರೆ, ಪೇಪರಿನ ಜಾಹೀರಾತು ನೋಡಿ ಬಾಗಿಲು ತೆರೆದವಳು ನನ್ನ ಹೆಂಡತಿಯೇ. ನನ್ನ ಮೊಬೈಲಿನಿಂದಲೇ ಒಬ್ಬನಿಗೆ ಫೋನು ಮಾಡಿದ್ದಾಳೆ, ಆ ಪುಣ್ಯಾತ್ಮ ನಂಬರನ್ನು ಹತ್ತು ಜನರಿಗೆ ಪ್ರಸಾದದ ಹಾಗೆ ಹಂಚಿದ್ದಾನೆ.

ಕೇಳಿದರೆ ಅವಳು ಅಂಜಲಿಲ್ಲ ಕೂಡ. "ಹೌದ್ರಿ, ನಾನ ಮಾಡೀನಿ. ನಿಮ್ಮದನ್ನ ನೀವ ಇಟಗೊಂಡು ಕುಂದ್ರಿ. ಅಂಥದ ಇನ್ನೊಂದ ಕೊಂಡು ಒಯ್ತೀನಿ."

ಅಂಥದೇ ಇನ್ನೊಂದು! ಸಂತೆಯಲ್ಲಿ ತವರುಮನೆ ಸಿಗುತ್ತದೆಂದು ತಿಳಿದಿದ್ದಾಳೆ ಹುಚ್ಚಿ.

ಸೆಪ್ಟೆಂಬರ್ 19, ಶುಕ್ರವಾರ

ಅಕ್ಕವ್ವ ಚಹಾ ತಂದು ಕುಕ್ಕಿ ಹೋದಳು. ಸಕ್ಕರೆ ಇರಲಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಒಂದು ವಾರದಿಂದ ಕರಜಗಿಯವಳ ಫೋನಿಲ್ಲ. ಪೀಡೆ ತೊಲಗಿತು. ಫೋನು ಕೆಟ್ಟಿದೆಯೇನೋ ಎಂದು ಅಂಗಡಿಯಲ್ಲಿ ತೋರಿಸಿದೆ, ಚೆನ್ನಾಗಿದೆ ಅಂದ.

ಮಧ್ಯಾಹ್ನ ಬೇರೆ ಯಾವನೋ ಮಾಡಿದ, ಹಿಂದಿಯಲ್ಲಿ. ಇವನಿಗೆ ಊಟ ಆಯಿತೇ ಎಂದು ಕೇಳುವಷ್ಟೂ ರೀತಿ ಗೊತ್ತಿಲ್ಲ. ಆ ಹುಡುಗಿಯನ್ನು ಕೆಲಸದಿಂದ ತೆಗೆದಿರಾ ಎಂದು ಕೇಳಿದೆ. ಯಾವ ಹುಡುಗಿ ಎಂದ. ಇಂಥವರ ಕೈಕೆಳಗೆ ದುಡಿಯುತ್ತದೆ ಪಾಪದ್ದು.

ಅಕ್ಟೋಬರ್ 2, ಗುರುವಾರ, ದಸರಾ

ಬನ್ನಿ ಕೊಡಲು ಸಂಜೆ ಮನೆ ತುಂಬ ಜನ. ಓಣಿಯ ಹುಡುಗಿಯರೆಲ್ಲ ಬಂದು ಕಾಲಿಗೆ ಬಿದ್ದವು. ಯಾವಳಿಗೋ ಹೊಸ ಬಳೆ, ಯಾವಳಿಗೋ ಪರೀಕ್ಷೆ. ಎಲ್ಲರೂ ಹೋದ ಮೇಲೆ ನೋಡಿದರೆ ಒಂದು ಹಿಡಿ ಬನ್ನಿಯನ್ನು ಅಕ್ಕವ್ವ ತಾಟಿನ ಕೆಳಗೆ ಬೇರೆಯಾಗಿ ಮುಚ್ಚಿಟ್ಟಿದ್ದಳು. ತಾಟನ್ನು ಮತ್ತೆ ಹಾಗೆಯೇ ಮುಚ್ಚಿಟ್ಟೆ.

ನಾಣ್ಯದವರದು "ದಸರಾ ಧಮಾಕಾ" ಬಂದಿತ್ತು. ಅವರ ಧಮಾಕಾಕ್ಕೆ ಬೆಂಕಿ ಬೀಳಲಿ.

 

ಅಕ್ಟೋಬರ್ 12, ಭಾನುವಾರ

ಇಷ್ಟು ದಿನ ಫೋನಿನೊಳಗಿದ್ದ ಪೀಡೆ ಇವತ್ತು ಬೂಟು ಹಾಕಿಕೊಂಡು ಮನೆಯೊಳಗೇ ಬಂತು. ಕಂಪನಿಯ ಏಜಂಟನಂತೆ. ಅಕ್ಕವ್ವ ಹೇಳಿ ಕಳಿಸಿದ್ದಳು. ನಾನು ಹೊರಗೆ ಹಾಕುವಷ್ಟರಲ್ಲಿ ಅವಳು ಕಂಬಳಿ ಹಾಸಿ, ನೀರು ಕೊಟ್ಟು, ಚಹಾಕ್ಕೂ ಇಟ್ಟಾಗಿತ್ತು. ನೀರು ಕೊಟ್ಟವನನ್ನು ಹೊರಗೆ ಹಾಕಲು ಬರುವುದಿಲ್ಲ.

ಇಪ್ಪತ್ತೈದರ ಹುಡುಗ, ತಲೆಗೆ ಎಣ್ಣೆಯೋ ಗೋಂದೋ ಮೆತ್ತಿಕೊಂಡಿದ್ದ. "ಇಂಥದ ಬೇಕ್ರಿ, ಇದಕ್ಕ ಜೋಡಿ ಆಗೂವಂಥದ" ಎಂದು ಅಕ್ಕವ್ವ ಜಗಲಿಯ ರೂಪಾಯಿ ತಂದು ಅವನ ಮುಂದೆ ಹಿಡಿದಳು. ಅವನು ಬಿಳಿಯ ಕೈಗವಸು ಹಾಕಿಕೊಂಡ, ದವಾಖಾನೆಯಲ್ಲಿ ಹಾಕುತ್ತಾರಲ್ಲ ಅಂಥವು. ಕಣ್ಣಿಗೆ ಭೂತಗನ್ನಡಿ ಏರಿಸಿ ತಿರುಗಿಸಿ ತಿರುಗಿಸಿ ನೋಡಿ, "ಇದನ್ನು ತೊಳೆದವರು ಯಾರು?" ಎಂದು ಮರಾಠಿಯಲ್ಲಿ ಕೇಳಿದ.

ಅಕ್ಕವ್ವನ ಮುಖ ಅರಳಿತು. ಇಷ್ಟು ಸ್ವಚ್ಛವಾಗಿ ಇಟ್ಟವರು ಯಾರೆಂದು ಹೊಗಳುತ್ತಿದ್ದಾನೆಂದೇ ತಿಳಿದಳು, ಪಾಪ. "ನಾನರೀ! ನನಗಿಂತ ಮೊದಲ ನಮ್ಮತ್ತಿ ತೊಳೀತಿದ್ರು, ಅವರಕಿಂತ ಮೊದಲ ಅವರತ್ತಿ. ಪ್ರತಿ ದೀಪಾವಳಿಗಿ ಹುಣಸಿಹಣ್ಣು ಬೂದಿ ಹಚ್ಚಿ ಚಲೋತ್ನ್ಯಾಗ ತಿಕ್ಕತೀವ್ರಿ. ಒಂದ ವರ್ಷಾನೂ ಬಿಟ್ಟಿಲ್ಲ."

ಅವನು ನಕ್ಕ. ಹಲ್ಲು ಕಾಣುವ ಹಾಗೆ ನಕ್ಕ. "ಹಳೆಯ ನಾಣ್ಯವನ್ನು ತೊಳೆಯಲೇಬಾರದು ಅಮ್ಮಾ. ನೀವೆಲ್ಲ ಸೇರಿ ರಾಣಿಯ ಮೂಗನ್ನೇ ತಿಂದುಬಿಟ್ಟಿದ್ದೀರಿ. ಕೂದಲಿಲ್ಲ, ಕಿವಿಯೂ ಅರ್ಧ. ಇದಕ್ಕೆ ಬೆಲೆಯೇ ಇಲ್ಲ, ಕರಗಿಸುವ ಬೆಳ್ಳಿ ಅಷ್ಟೇ. ಏನೂ ತಿಳಿಯದ ಅನಾಡಿ ಜನ."

ಅಕ್ಕವ್ವ ಕೈ ಹಿಂದೆಗೆದುಕೊಂಡಳು. ತಪ್ಪು ಮಾಡಿದ ಸಾಲೆಯ ಹುಡುಗಿಯ ಹಾಗೆ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಇವಳಿಗೆ ನಾನು ಬೈಯಬಹುದು, ಬೈದಿದ್ದೇನೆ. ಈ ಭಾಡ್ಯಾ ಯಾರು? ನನ್ನ ಅವ್ವನನ್ನೂ ಅಜ್ಜಿಯನ್ನೂ ಅನಾಡಿ ಎನ್ನಲು ಇವನಿಗೆ ಯಾವ ಅಪ್ಪ ಹೇಳಿಕೊಟ್ಟ?

"ಏಳು" ಎಂದೆ. "ಚಹಾ ಕುಡದಿ, ಎದ್ದು ನಡಿ."

ಅವನು ಏಳುತ್ತಲೇ ಚೀಲದಿಂದ ಇನ್ನೊಂದನ್ನು ತೆಗೆದ. ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುದ್ರೆ ಹಾಕಿದ ರಾಣಿ ರೂಪಾಯಿ. ಮೂಗು, ಕಿವಿ, ಜಡೆ ಎಲ್ಲ ಸರಿಯಾಗಿತ್ತು. ನೂರೈವತ್ತು ವರ್ಷದಿಂದ ಇದಕ್ಕೆ ಮನುಷ್ಯರ ಕೈಯೇ ಹತ್ತಿಲ್ಲ ಎಂದು ಹೆಮ್ಮೆಯಿಂದ ಹೇಳಿದ. ಮುಟ್ಟಬಾರದಂತೆ, ಮುಟ್ಟಿದರೆ ಕೆಟ್ಟಿತಂತೆ.

ಅಕ್ಕವ್ವ ಒಳಗೆ ಹೋದಳು. ಟ್ರಂಕಿನ ಮುಚ್ಚಳ ಕಿರ್ ಎಂದಿತು. ಎರಡು ಆಡು ಮಾರಿದ ದುಡ್ಡನ್ನು ತಂದು ನನ್ನ ಕಣ್ಣ ಮುಂದೆಯೇ ಅವನ ಕೈಗೆ ಕೊಟ್ಟಳು.

"ನೀವು ಕೊಡಾಂಗಿಲ್ಲ" ಎಂದಳು ನನಗೆ. "ನಾ ಬರಿಗೈಲೆ ಹೋಗಾಂಗಿಲ್ಲ."

ಅವನು ಹೋದ ಮೇಲೆ ಕಂಬಳಿ ಕೊಡವಿದೆ.

ಅಕ್ಟೋಬರ್ 15, ಬುಧವಾರ

ಜಗಲಿಯ ರೂಪಾಯಿ ತೆಗೆದು ನೋಡಿದೆ. ಮೂಗು ನಿಜವಾಗಿಯೂ ಇಲ್ಲ. ಹೆಬ್ಬೆರಳು ಇಟ್ಟರೆ ರಾಣಿಯ ಕೆನ್ನೆಯ ಮೇಲಿನ ತಗ್ಗಿಗೆ ಸರಿಯಾಗಿ ಕೂಡುತ್ತದೆ. ನನ್ನ ಅವ್ವನ ಹೆಬ್ಬೆರಳು ಅಗಲ ಇತ್ತು, ಅವಳದೇ ಕೆಲಸ ಇದು. ಎಣ್ಣೆತಲೆಯವನಿಗೆ ಇದಕ್ಕೆ ಬೆಲೆಯಿಲ್ಲ. ಇಲ್ಲದಿರಲಿ, ಯಾರು ಕೇಳಿದ್ದರು ಅವನನ್ನು?

ಅಕ್ಟೋಬರ್ 19, ಭಾನುವಾರ

ಅಕ್ಕವ್ವ ಬೆಳಿಗ್ಗೆ ಮೊದಲ ಬಸ್ಸಿಗೇ ಡಫಳಾಪುರಕ್ಕೆ ಹೋದಳು. ಹಸಿರು ಸೀರೆ, ಬಳೆ, ಅಕ್ಕಿ, ಕೊಬ್ಬರಿ, ಅರಿಷಿಣಬೇರು, ಆ ಪ್ಲಾಸ್ಟಿಕ್ ರಾಣಿ. ನಾನು ಎರಡನೆಯ ಬಸ್ಸಿಗೆ ಹತ್ತಿದೆ. ಕಾರಣ ಸ್ಪಷ್ಟವಾಗಿ ಬರೆದಿಡುತ್ತೇನೆ, ಮುಂದೆ ನನಗೇ ಬೇರೆ ಏನೋ ಅನ್ನಿಸಬಾರದು. ನಕ್ಕು ಹೋದ ಆ ಹುಡುಗನ ನಾಣ್ಯ ನಮ್ಮ ಮನೆತನದ ಹೆಸರಿನಲ್ಲಿ ಉಡಿಗೆ ಬೀಳಬಾರದು. ಇದೊಂದೇ ಕಾರಣ. ಜಗಲಿಯ ರೂಪಾಯಿಯನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದೆ. ಟಿಕೆಟಿಗೆ ಚಿಲ್ಲರೆ ತೆಗೆಯುವಾಗ ಎರಡು ಸಲ ಮುಟ್ಟಿ ನೋಡಿಕೊಂಡೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ, ಹೆಂಗಸರ ಹಾಡು ಕೇಳುತ್ತಿತ್ತು. ಬಾಗಿಲಲ್ಲಿ ನಿಂತೆ. ಗೋಡೆಯ ಮೇಲೆ ಬುದ್ಧನ ಫೋಟೋ, ಪಕ್ಕದಲ್ಲಿ ಬಾಬಾಸಾಹೇಬರದು, ಕೆಳಗೆ ಮಣೆಯ ಮೇಲೆ ಹಸಿರು ಸೀರೆ ಉಟ್ಟು ದೀಪಾಲಿ. ಹಾಡು ನಿಂತುಹೋಯಿತು.

ಸಮ್ಯಕನ ತಾಯಿ ಜನಾಬಾಯಿ ಮುಂದೆ ಬಂದಳು. "ಬರ್ರಿ ಬೀಗರ, ಒಳಗ ಬರ್ರಿ, ಕುಂದ್ರಿ" ಎಂದಳು. ಹೋದ ವಾರವೂ ಬಂದು ಹೋದವನನ್ನು ಕರೆಯುವ ಹಾಗೆ ಕರೆದಳು. ಸಮ್ಯಕ ಕುರ್ಚಿ ತಂದಿಟ್ಟ. ನಾನು ಕೂರಲಿಲ್ಲ, ಕುರ್ಚಿ ಹಿಡಿದು ನಿಂತೆ.

ಅಕ್ಕವ್ವ ನನ್ನತ್ತ ನೋಡಲಿಲ್ಲ. ಅಕ್ಕಿ ಹಾಕಿದಳು, ಕೊಬ್ಬರಿ, ಅರಿಷಿಣಬೇರು, ಅಡಿಕೆ ಹಾಕಿದಳು. ಕೊನೆಗೆ ಪ್ಲಾಸ್ಟಿಕ್ಕು ತೆಗೆದಳು. ಪಕ್ಕದ ಮುದುಕಿಯೊಬ್ಬಳು "ಹೊರಗ ತಗದ ಹಾಕವ್ವಾ, ಡಬ್ಬಿ ಯಾರರೆ ಉಡಿಯಾಗ ಹಾಕ್ತಾರೇನ?" ಎಂದಳು.

"ತಗೀಬಾರದಂತ್ರೀ" ಎಂದಳು ಅಕ್ಕವ್ವ ಸಣ್ಣ ದನಿಯಲ್ಲಿ. "ಕೈ ಹತ್ತಿದ್ರ ಕೆಡತೈತಂತ."

ನನಗೆ ತಡೆಯಲಾಗಲಿಲ್ಲ. "ಕೈ ಹತ್ತಿದ್ರ ಕೆಡೂವಂಥದ್ದು ಈ ಮನಿಗಿ ಯಾಕ ತಂದಿ? ಒಗಿ ಅತ್ಲಾಗ!" ಎಂದು ಕೂಗಿದೆ.

ಜನಾಬಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು, ಕಣ್ಣು ತುಂಬಿದ ಹಾಗಿತ್ತು. ನಾನು ಆಡಿದ್ದು ನಾಣ್ಯದ ಮಾತು, ಅದಕ್ಕೆ ಅಳುವಂಥದ್ದೇನಿದೆಯೋ ತಿಳಿಯಲಿಲ್ಲ. ಒಳಜೇಬಿನಿಂದ ರೂಪಾಯಿ ತೆಗೆದು ಅಕ್ಕವ್ವನ ಕೈಗೆ ಇಟ್ಟೆ. "ಇದನ್ನ ಹಾಕು."

ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡು ಉಡಿಗೆ ಹಾಕಿದಳು. ಅಕ್ಕಿಯ ಮೇಲೆ ಬಿದ್ದದ್ದರಿಂದ ಸಪ್ಪಳವೇ ಆಗಲಿಲ್ಲ.

ಜನಾಬಾಯಿ ಮೂಗು ಒರೆಸಿಕೊಂಡು ಕೇಳಿದಳು. "ಬೀಗರ, ತಪ್ಪ ತಿಳಕೋಬ್ಯಾಡ್ರಿ. ನಮ್ಮನ್ಯಾಗ ದೇವರ ಜಗಲಿ ಇಲ್ರಿ. ನಿಮ್ಮ ದೇವರ ರೂಪಾಯಿ ಎಲ್ಲಿ ಇಡೂದ್ರಿ?"

"ದೇವರಲ್ಲ ಬೀಗತಿ, ಇಂಗ್ಲೀಷರ ರಾಣಿ. ಅದೂ ಮೂಗಿಲ್ಲದಾಕಿ. ಕೈಗಿ ಸಿಗೂವಲ್ಲಿ ಇಡ್ರಿ, ಸಾಕು."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಹಾಡು ಮತ್ತೆ ಶುರುವಾಯಿತು.

ಬಿಸಿಲಿತ್ತು, ನೀರು ಕೊಟ್ಟರು, ಕುಡಿದೆ. ಹೋಳಿಗೆಗೆ ಬೆಲ್ಲ ಹೆಚ್ಚಾಗಿತ್ತು, ಎಣ್ಣೆಯೂ ಹೆಚ್ಚು. ಮೂರು ತಿಂದೆ. ದೀಪಾಲಿ ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ. ಅವಳ ಕೊರಳು ತೆಳ್ಳಗಾಗಿದೆ. ಈ ಮನೆಯಲ್ಲಿ ಹಾಲು ಕೊಡುತ್ತಾರೋ ಇಲ್ಲವೋ, ಅಕ್ಕವ್ವನಿಗೆ ವಿಚಾರಿಸಲು ಹೇಳಬೇಕು.

ಬಸ್ಸಿನಲ್ಲಿ ಅಕ್ಕವ್ವ ನನ್ನ ಪಕ್ಕದಲ್ಲೇ ಕೂತಳು.

ಅಕ್ಟೋಬರ್ 21, ಮಂಗಳವಾರ, ಲಕ್ಷ್ಮೀಪೂಜೆ

ಜಗಲಿಯ ಮೇಲೆ ರೂಪಾಯಿಯ ಜಾಗ ಖಾಲಿ. ಪೂಜೆಗೆ ಏನಾದರೂ ಬೇಕಲ್ಲ ಎಂದು ಅಕ್ಕವ್ವ ಗೊಣಗಿದಳು. ಪ್ಲಾಸ್ಟಿಕ್ ರಾಣಿಯನ್ನು ಅಂಗಳದ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿದೆ. ಡಬ್ಬಿ ಎರಡು ಹೋಳಾಯಿತು. ಅಕ್ಕವ್ವನಿಗೆ ಕೊಟ್ಟು "ತಿಕ್ಕು" ಎಂದೆ. ಅವಳು ಹುಣಸೆಹಣ್ಣು ಬೂದಿ ಹಚ್ಚಿ, ಸೀರೆಯ ಸೆರಗು ಸಿಕ್ಕಿಸಿಕೊಂಡು, ತೃಪ್ತಿಯಾಗುವ ತನಕ ತಿಕ್ಕಿದಳು. ಎಣ್ಣೆತಲೆಯವನು ಎಲ್ಲಿದ್ದರೂ ಆ ಹೊತ್ತಿಗೆ ಅವನ ಹೊಟ್ಟೆಯಲ್ಲಿ ಸಂಕಟವಾಗಿರಬೇಕು.

ಮಧ್ಯಾಹ್ನ ಕರಿಷ್ಮಾಳ ಫೋನು. ಬದುಕಿದ್ದಾಳೆ. ಬೇರೆ ಊರಿನ ನಂಬರುಗಳನ್ನು ಕೊಟ್ಟಿದ್ದರಂತೆ. "ಕಾಕಾ, ನಾಣ್ಯ ಮುಟ್ಟೇತಲ್ರೀ? ಪ್ಯಾಕಿಂಗ್ ಒಡದಿಲ್ಲಲ್ಲ?"

"ಒಡದು, ಹುಣಸಿಹಣ್ಣ ಹಚ್ಚಿ ತಿಕ್ಕೀವಿ."

ಆ ಕಡೆಯಿಂದ ನಗು. "ನಮ್ಮವ್ವನೂ ಹಂಗ ಮಾಡ್ತಾಳ್ರೀ ಕಾಕಾ" ಎಂದಳು. ಹಬ್ಬಕ್ಕೆ ಊರಿಗೆ ಬರಲು ರಜೆ ಕೊಟ್ಟಿಲ್ಲವಂತೆ. ನಾಯಿಗಳು. ಊಟ ಮಾಡು ಎಂದು ಹೇಳಿ ಇಟ್ಟೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಫೋನು. ಗುರುತಿಲ್ಲದ ನಂಬರು. ಹಬ್ಬದ ದಿನವೂ ಬಿಡುವುದಿಲ್ಲವಲ್ಲ ಎಂದು, ಬಾಯಲ್ಲಿ ಬೈಗುಳ ತಯಾರು ಮಾಡಿಕೊಂಡೇ ಎತ್ತಿದೆ.

"ಅಪ್ಪಾ" ಎಂದಿತು ಫೋನು.

ಬೈಗುಳ ಎಲ್ಲಿ ಹೋಯಿತೋ. ಕೂತೆ.

"ಅಪ್ಪಾ, ಅತ್ತಿ ರೂಪಾಯಿ ತೊಳ್ಯಾಕತ್ತಾರ. ಎಷ್ಟ ತಿಕ್ಕಬೇಕು ಅಂತ ಕೇಳಾಕತ್ತಾರ. ರಾಣಿ ಕಿವೀನೂ ಹೊಂಟೈತಿ."

"ಹೋಗಲಿ ಬಿಡವ್ವಾ. ಜೋರ ತಿಕ್ಕಂತ ಹೇಳು" ಎಂದೆ. ಅವಳು ಇಡಲಿಲ್ಲ, ನಾನೂ ಇಡಲಿಲ್ಲ. 

"ಮತ್ತ ದೀಪಾಲಿ."

"ಹೂಂ ಅಪ್ಪಾ."

"ಅದನ್ನ ವಾಪಸ ಪಾರ್ಸಲ್ ಮಾಡಬ್ಯಾಡ. ನೀನ ತಗೊಂಡು ಬಾ."